ಹಳ್ಳಿ ಲೈನಿನಲ್ಲಿ ಡಯಲ್-ಅಪ್ ನಿಲ್ಲುತ್ತಿಲ್ಲವೇ? ಮೊದಲು ರಿಸೀವರ್ ಎತ್ತಿ ಕೇಳಿ

ಡಯಲ್-ಅಪ್ ಅಂದರೆ ಫೋನ್ ಲೈನಿನಲ್ಲೇ ನಂಬರ್ ಡಯಲ್ ಮಾಡಿ ಇಂಟರ್‌ನೆಟ್ ಹಿಡಿಯುವುದು. ಅದಕ್ಕೆ ಬೇಕಾದ ಮೋಡೆಮ್ ಕನೆಕ್ಟ್ ಆಗ್ತಿಲ್ಲ ಅಂದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಡ್ರೈವರ್ ತೆಗೆದು ಮತ್ತೆ ಹಾಕುವುದು. ಎರಡನೆಯದು ವಿಂಡೋಸನ್ನೇ ಮತ್ತೆ ಹಾಕುವುದು. ಮೂರನೆಯದು ಪೇಟೆಗೆ ಹೋಗಿ ಹೊಸ ಮೋಡೆಮ್ ತರುವುದು. ನಮ್ಮ ಮನೆಯಲ್ಲಿ ಈ ಮೂರೂ ಆದ ಮೇಲೆ ಗೊತ್ತಾಯಿತು, ಜಗಲಿ ಗೋಡೆಯ ರೋಸೆಟ್ (ಹೊರಗಿನ ಫೋನ್ ತಂತಿ ಬಂದು ಸೇರುವ) ಡಬ್ಬಿಯೊಳಗೆ ಇರುವೆ ಗೂಡು ಕಟ್ಟಿದೆ ಅಂತ. ಮುಚ್ಚಳ ತೆಗೆದರೆ ಎರಡೂ ಸ್ಕ್ರೂ ಮೇಲೆ ಬಿಳಿ ಮೊಟ್ಟೆ, ನಡುವೆ ಒದ್ದೆ ಮಣ್ಣು. ಆ ಮಣ್ಣಿನಲ್ಲೇ ಕರೆಂಟ್ ಸೋರುತ್ತಿತ್ತು. ಒಣ ಬ್ರಷ್ಷಿನಲ್ಲಿ ಉಜ್ಜಿ, ತಂತಿಯ ತುದಿ ಕೆರೆದು, ಸ್ಕ್ರೂ ಬಿಗಿ ಮಾಡಿದ್ದಕ್ಕೆ ಐದು ನಿಮಿಷ. ಹೊಸ ಮೋಡೆಮಿಗೆ ಕೊಟ್ಟ ದುಡ್ಡು ಹೋಯಿತು ಅಷ್ಟೆ.

ಇದು 2001ರಿಂದ 2007ರ ತನಕ ನಾನು ಒಂದು ಹಳೆ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಂಡ ವಿಷಯ. ಮನೆ ತೀರ್ಥಹಳ್ಳಿ ಕಡೆ, ಟೆಲಿಫೋನ್ ಎಕ್ಸ್‌ಚೇಂಜಿನಿಂದ ಸುಮಾರು 4 ಕಿ.ಮೀ., ಕೊನೆಯ ಒಂದೂವರೆ ಕಿ.ಮೀ. ಅಡಿಕೆ ತೋಟದೊಳಗೆ, ಕಾಡಿನ ಅಂಚಿನಲ್ಲಿ ಡ್ರಾಪ್ ವೈರು, ಅಂದರೆ ಕೇಬಲ್ ಮುಗಿದ ಮೇಲೆ ಮನೆ ತನಕ ಎಳೆದ ತಂತಿ. ಈಗ ಡಯಲ್-ಅಪ್ ಯಾರಿಗೆ ಬೇಕು ಅಂತ ಕೇಳಬಹುದು. ಹಳೆ ಕಂಪ್ಯೂಟರ್ ಹುಚ್ಚಿನವರಿಗೆ ಬೇಕು, ಫ್ಯಾಕ್ಸ್ ಇಟ್ಟುಕೊಂಡವರಿಗೆ ಬೇಕು. ಅದೇ ತಾಮ್ರದ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡು ಮಳೆ ಬಂದಾಗೆಲ್ಲ ಕಟ್ ಆಗುತ್ತದೆ ಅನ್ನುವವರಿಗೂ ಇದರಲ್ಲಿ ಅರ್ಧ ಉಪಯೋಗವಾಗುತ್ತದೆ, ಯಾಕೆಂದರೆ ಲೈನಿನ ರೋಗ ಎರಡಕ್ಕೂ ಒಂದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಫೋನಿನಲ್ಲಿ ಮಾತು ಚೆನ್ನಾಗಿ ಕೇಳಿಸುತ್ತದೆ, ಹಾಗಾಗಿ ಲೈನ್ ಸರಿ ಇದೆ" ಅನ್ನುವುದು ತಪ್ಪು ಲೆಕ್ಕ. ಫೋನ್ ಲೈನ್ ಮಾಡಿರುವುದೇ ಸುಮಾರು 300ರಿಂದ 3400 ಹರ್ಟ್ಸ್ ತನಕದ ಮಾತಿಗೆ. ಅದರಲ್ಲಿ ಸ್ವಲ್ಪ ಹೋದರೂ, ನಡುವೆ ಕರಕರ ಬಂದರೂ, ಎದುರಿನವರು ಏನು ಹೇಳಿದರು ಅಂತ ನಾವು ಅಂದಾಜಿನಲ್ಲೇ ತಿಳಿದುಕೊಳ್ಳುತ್ತೇವೆ. ಮೋಡೆಮ್ ಆ ಇಡೀ ಅಗಲವನ್ನು ಬಳಸಿಕೊಂಡೇ ಓಡುವುದು. ಒಂದು ಸಣ್ಣ ಚಟ್ ಸದ್ದಿಗೆ ನಮ್ಮ ಮಾತಿನ ಅರ್ಧ ಅಕ್ಷರವೂ ಹೋಗುವುದಿಲ್ಲ, ಮೋಡೆಮಿಗೆ ಅಷ್ಟರಲ್ಲಿ ನೂರಾರು ಬಿಟ್ ಹೋಗಿರುತ್ತದೆ.

ಹಾಗಾಗಿ ಮೊದಲ ಪರೀಕ್ಷೆ ಕಿವಿಯದ್ದು. ತಂತಿ ಇರುವ ಸಾದಾ ಫೋನ್ ತಗೊಳ್ಳಿ. ಕಾರ್ಡ್‌ಲೆಸ್ ಬೇಡ, ಅದರದ್ದೇ ಸದ್ದು ಬೇರೆ. ಮನೆಯಲ್ಲಿರುವ ಬೇರೆ ಫೋನು, ಕಾಲರ್ ಐಡಿ ಡಬ್ಬಿ, ಅಡುಗೆಮನೆಗೆ ಎಳೆದ ಎಕ್ಸ್‌ಟೆನ್ಶನ್, ಎಲ್ಲವನ್ನೂ ಕಿತ್ತುಬಿಡಿ. ಫೋನನ್ನು ನೇರ ರೋಸೆಟ್ಟಿಗೇ ಸಿಕ್ಕಿಸಿ ರಿಸೀವರ್ ಎತ್ತಿ. ಡಯಲ್ ಟೋನ್ ಬಂದ ಮೇಲೆ ಒಂದೇ ಒಂದು ಅಂಕಿ, 1 ಒತ್ತಿ. ಟೋನ್ ನಿಲ್ಲುತ್ತದೆ, ಕೆಲವು ಸೆಕೆಂಡ್ ಪೂರ್ತಿ ಮೌನ ಸಿಗುತ್ತದೆ. ಮಾತಾಡುವ ಕಡೆಯನ್ನು ಅಂಗೈಯಿಂದ ಮುಚ್ಚಿ ಆ ಮೌನವನ್ನು ಕೇಳಿ. ಫ್ಯಾನ್ ಆಫ್ ಮಾಡಿ, ಟಿ.ವಿ. ಆಫ್ ಮಾಡಿ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ರಾತ್ರಿ ಒಂದು ಸಲ ಕೇಳಿ ಬರೆದಿಡಿ. ಒಂದೇ ಸಲ ಕೇಳಿ ತೀರ್ಮಾನ ಮಾಡಬೇಡಿ.

ಏನೂ ಇಲ್ಲ, ಅಥವಾ ತೀರಾ ಸಣ್ಣಗೆ ಸ್ಸ್ ಅನ್ನುತ್ತದೆ ಅಂದರೆ ಲೈನ್ ಒಳ್ಳೆಯದೇ. ತೊಂದರೆ ಮೋಡೆಮಿನಲ್ಲೋ ಸೆಟ್ಟಿಂಗಿನಲ್ಲೋ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಗುಂಯ್ ಅಂತ ಒಂದೇ ಸಮ ಸದ್ದು ಇದ್ದರೆ ಅದು ಕರೆಂಟ್ ಲೈನಿನ 50 ಹರ್ಟ್ಸ್. ಫೋನಿನ ಎರಡು ತಂತಿ ಜೋಡಿಯಾಗಿ, ಒಂದೇ ಸಮನಾಗಿ ಇದ್ದರೆ ಈ ಗುಂಯ್ ಎರಡರಲ್ಲೂ ಸಮನಾಗಿ ಬಂದು ಕಳೆದುಹೋಗುತ್ತದೆ. ಒಂದು ತಂತಿ ಎಲ್ಲೋ ಒದ್ದೆ ಕೊಂಬೆಗೆ ತಾಗಿ ಭೂಮಿಗೆ ಸೋರುತ್ತಿದ್ದರೆ, ಅಥವಾ ಒಂದೇ ತಂತಿಯ ಜಾಯಿಂಟ್ ಹಾಳಾಗಿದ್ದರೆ, ಆ ಸಮ ತಪ್ಪುತ್ತದೆ. ಆಗ ಕೇಳಿಸುತ್ತದೆ. ಅಂದರೆ ಗುಂಯ್ ಸದ್ದಿಗೆ ಕರೆಂಟ್ ಕಂಬವನ್ನು ಬೈದು ಪ್ರಯೋಜನ ಇಲ್ಲ, ಫೋನ್ ತಂತಿಯ ಮೇಲೇ ಕಣ್ಣು ಹಾಯಿಸಬೇಕು.

ಪಕ್ಕದ ಊರಿನವರು ಅಡಿಕೆ ರೇಟು ಮಾತಾಡುವುದು ಸಣ್ಣಗೆ ಕೇಳಿಸಿದರೆ ಎಲ್ಲೋ ಕೇಬಲ್ಲಿನಲ್ಲಿ ಜೋಡಿ ತಪ್ಪಿದೆ, ನಿಮ್ಮ ಒಂದು ತಂತಿ ಇನ್ನೊಬ್ಬರ ಜೋಡಿಯಿಂದ ಬಂದಿದೆ ಅಂತ ಅನುಮಾನಿಸಬಹುದು. ಇದು ಲೈನ್‌ಮನ್ ಕೆಲಸ, ನಿಮ್ಮಿಂದ ಆಗುವುದಲ್ಲ.

ಕರಕರ, ಚರಚರ ಸದ್ದು ಹಳ್ಳಿಯಲ್ಲಿ ಎಲ್ಲಕ್ಕಿಂತ ಜಾಸ್ತಿ. ಗಾಳಿ ಬೀಸಿದಾಗ ಹೆಚ್ಚಾದರೆ ಜಾಯಿಂಟ್ ಸಡಿಲ. ಮಳೆ ಬಂದಾಗ ಹೆಚ್ಚಾಗಿ, ಬಿಸಿಲು ಬಂದ ಎರಡು ಗಂಟೆಯೊಳಗೆ ಹೋದರೆ ನೀರು. ನಮ್ಮಲ್ಲಿ ಮಳೆಯೇ ಇಲ್ಲದ ಜನವರಿಯಲ್ಲೂ ಬೆಳಿಗ್ಗೆ ಹತ್ತರ ತನಕ ಕರಕರ ಇರುತ್ತಿತ್ತು. ಇಬ್ಬನಿ. ತಂತಿಯ ಮೇಲಿನ ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದ ಕಡೆ ಇಬ್ಬನಿ ಇಳಿದರೂ ಸಾಕು. ತೋಟದಲ್ಲಿ ಅಡಿಕೆ ಮರದ ಸೋಗೆ ಬಿದ್ದು ತಂತಿ ಕಡಿದಾಗ ಯಾರೋ ಎರಡು ತುದಿ ತಿರುಚಿ, ಮೇಲೆ ಟೇಪನ್ನೂ ಸುತ್ತದೆ ಬಿಟ್ಟಿರುತ್ತಾರಲ್ಲ, ಅದೇ ಜಾಗ. ಹತ್ತಿರ ಹೋಗಿ ನೋಡಿದರೆ ತಾಮ್ರ ಹಸಿರಾಗಿರುತ್ತದೆ. ನಮ್ಮ ಒಂದೂವರೆ ಕಿ.ಮೀ.ನಲ್ಲಿ ಇಂಥವು ಹನ್ನೊಂದು ಇದ್ದವು. ಎಣಿಸಿದ್ದೇನೆ.

ಈ ಹಸಿರು ಕಟ್ಟಿದ ಜಾಯಿಂಟಿನದ್ದು ಒಂದು ವಿಚಿತ್ರ ಗುಣ ಇದೆ. ಯಾರಾದರೂ ಹೊರಗಿನಿಂದ ಫೋನ್ ಮಾಡಿ ನಾಲ್ಕು ಸಲ ಗಂಟೆ ಬಾರಿಸಿದರೆ ಲೈನ್ ಸ್ವಲ್ಪ ಹೊತ್ತು ಸ್ವಚ್ಛವಾಗುತ್ತದೆ. ಗಂಟೆ ಬಾರಿಸಲು ಲೈನಿನಲ್ಲಿ ಸುಮಾರು 75 ವೋಲ್ಟ್ ಎಸಿ ಬರುತ್ತದೆ, ಅದು ತುಕ್ಕಿನ ಪದರವನ್ನು ಸೀಳಿಬಿಡುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಕರಕರ. ನಾನು ಒಂದು ಮಳೆಗಾಲವಿಡೀ ಇಂಟರ್‌ನೆಟ್ ಹಾಕುವ ಮೊದಲು ಭಾವನಿಗೆ ಹೇಳಿ ಅವರ ಮನೆಯಿಂದ ಒಂದು ಮಿಸ್ಡ್ ಕಾಲ್ ಕೊಡಿಸಿಕೊಳ್ಳುತ್ತಿದ್ದೆ. "ಎಂಥದು ಮಾರಾಯ, ನಿನ್ನ ಕಂಪ್ಯೂಟರಿಗೆ ನಾನು ಗಂಟೆ ಹೊಡೀಬೇಕಾ" ಅಂತ ಅವರು ನಗುತ್ತಿದ್ದರು. ಗಂಟೆ ಬಾರಿಸಿದ ಮೇಲೆ ಲೈನ್ ಸರಿಯಾದರೆ ರೋಗ ಜಾಯಿಂಟಿನದ್ದೇ ಅಂತ ಹೆಚ್ಚುಕಮ್ಮಿ ಖಾತ್ರಿ, ಅಷ್ಟರ ಮಟ್ಟಿಗೆ ಇದು ಒಳ್ಳೆಯ ಪರೀಕ್ಷೆಯೂ ಹೌದು.

ಇನ್ನು ಟಿಕ್... ಟಿಕ್... ಟಿಕ್. ಇದಕ್ಕೆ ನಾನು ಮೂರು ತಿಂಗಳು ಹಾಳು ಮಾಡಿಕೊಂಡೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಹಗಲು ಎಲ್ಲಾ ಸರಿ ಇರುತ್ತಿತ್ತು. ಸಂಜೆ ಆರೂವರೆ ಆದ ಮೇಲೆ ಕನೆಕ್ಟ್ ಆಗುತ್ತದೆ, ಒಂದು ಮೇಲ್ ತೆರೆಯುವಷ್ಟರಲ್ಲಿ ಎಲ್ಲವೂ ನಿಂತುಬಿಡುತ್ತದೆ, ಮೂರ್ನಾಲ್ಕು ನಿಮಿಷಕ್ಕೆ ಕಟ್. ರಾತ್ರಿ ಎಲ್ಲರೂ ಇಂಟರ್‌ನೆಟ್ ಹಾಕುತ್ತಾರೆ, ಅದಕ್ಕೆ ನಿಧಾನ ಅಂತ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೆ ತ್ರೀ ಫೇಸ್ ಬಂದು ಪಂಪ್‌ಸೆಟ್ ಶುರುವಾಗುವುದಕ್ಕೆ ಹೀಗೆ ಅಂದುಕೊಂಡು, ಪಂಪ್‌ಸೆಟ್ ಆಫ್ ಮಾಡಿ ನೋಡಿದೆ. ಅದೂ ಅಲ್ಲ. ಕೊನೆಗೆ ಒಂದು ರಾತ್ರಿ ಮೇಲೆ ಹೇಳಿದ ಮೌನದ ಪರೀಕ್ಷೆ ಮಾಡಿದಾಗ ಕೇಳಿಸಿತು. ತೀರಾ ಸಣ್ಣ ಸದ್ದು, ಗೋಡೆ ಗಡಿಯಾರದಷ್ಟೇ. ಗಡಿಯಾರದ್ದೇ ಅಂತ ಎದ್ದು ಹೋಗಿ ಅದರ ಸೆಲ್ ತೆಗೆದೆ, ಟಿಕ್ ನಿಲ್ಲಲಿಲ್ಲ. ಸೆಕೆಂಡಿಗೆ ಒಂದಕ್ಕಿಂತ ಸ್ವಲ್ಪ ನಿಧಾನ. ಮರುದಿನ ಸಂಜೆ ತೋಟದ ಮೇಲಿನ ಗದ್ದೆಯ ಹತ್ತಿರ ಹೋದಾಗ ಅದೇ ತಾಳ ಬೇಲಿಯಿಂದ ಬರುತ್ತಿತ್ತು. ನೆರೆಯವರು ಹಂದಿ ಕಾಟಕ್ಕೆ ಸೋಲಾರ್ ಬೇಲಿ ಹಾಕಿಸಿದ್ದರು. ಸಂಜೆ ಆನ್, ಬೆಳಿಗ್ಗೆ ಆಫ್.

ಬೇಲಿಯ ಯಂತ್ರ ಹೆಚ್ಚುಕಮ್ಮಿ ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟಿನ ಒಂದು ಸಣ್ಣ ಹೊಡೆತ ಬಿಡುತ್ತದೆ, ಅದು ಭೂಮಿಯ ಮೂಲಕ ವಾಪಸ್ ಬರಬೇಕು. ಅವರ ಅರ್ತ್ ಸರಳು ಒಣ ಮೊರಂಬು ಮಣ್ಣಿನಲ್ಲಿ ಒಂದೇ ಇತ್ತು, ಬೇಲಿ ತಂತಿಗೆ ಉದ್ದಕ್ಕೂ ಹುಲ್ಲು ತಾಗಿತ್ತು. ನಮ್ಮ ಡ್ರಾಪ್ ವೈರು ಅದೇ ಬೇಲಿಯ ಪಕ್ಕದಲ್ಲೇ ಸುಮಾರು 300 ಮೀಟರ್ ಹೋಗುತ್ತದೆ. ಮೋಡೆಮಿಗೆ ಸೆಕೆಂಡಿಗೊಂದು ಪೆಟ್ಟು. ಪ್ರತಿ ಪೆಟ್ಟಿಗೂ ತಪ್ಪಿದ ತುಂಡನ್ನು ಮತ್ತೆ ಕೇಳಿ ಕೇಳಿ, ಕೊನೆಗೆ ಸಾಕಾಗಿ ಲೈನ್ ಬಿಡುತ್ತಿತ್ತು. ನೆರೆಯವರು ಒಳ್ಳೆಯವರು, ಬೇಜಾರು ಮಾಡಿಕೊಳ್ಳದೆ ಹುಲ್ಲು ಕಡಿಸಿ, ಕೆಳಗೆ ತೋಡಿನ ಹತ್ತಿರ ಒದ್ದೆ ಜಾಗದಲ್ಲಿ ಇನ್ನೂ ಎರಡು ಸರಳು ಹೊಡೆಸಿದರು. ಅವರಿಗೂ ಲಾಭವೇ ಆಯಿತು, ಬೇಲಿಯ ಶಾಕ್ ಜೋರಾಯಿತು. ಟಿಕ್ ಅರ್ಧಕ್ಕರ್ಧ ಇಳಿಯಿತು. ತಂತಿಯನ್ನು ಬೇಲಿಯಿಂದ ದೂರದ ಮರದ ಸಾಲಿಗೆ ಹಾಕಿಸಿದ ಮೇಲೆ ಪೂರ್ತಿ ಹೋಯಿತು. ಫೋನ್ ತಂತಿ ಬೇಲಿಯನ್ನು ದಾಟಲೇಬೇಕಾದರೆ ಅಡ್ಡಕ್ಕೆ ನೇರವಾಗಿ ದಾಟಲಿ, ಜೊತೆಯಲ್ಲಿ ಓಡಬಾರದು.

ಕಿವಿಯ ಕೆಲಸ ಆದ ಮೇಲೆ ಮಲ್ಟಿಮೀಟರ್. ಅಗ್ಗದ ಮೀಟರ್ ಸಾಕು. ಡಿಸಿ ವೋಲ್ಟಿಗೆ ಇಟ್ಟು ರೋಸೆಟ್ಟಿನ ಎರಡು ಸ್ಕ್ರೂಗೆ ಹಿಡಿಯಿರಿ. ರಿಸೀವರ್ ಕೆಳಗಿಟ್ಟಾಗ 48ರ ಆಸುಪಾಸು ಇರಬೇಕು. ಎತ್ತಿದಾಗ 6ರಿಂದ 12ರೊಳಗೆ ಇಳಿಯುತ್ತದೆ. ಫೋನ್ ಇಟ್ಟಾಗಲೇ 35, 30 ಅಂತ ತೋರಿಸಿದರೆ ಎಲ್ಲೋ ಸೋರುತ್ತಿದೆ. ಎಲ್ಲಾ ಉಪಕರಣ ಕಿತ್ತ ಮೇಲೂ ಹಾಗೇ ಇದ್ದರೆ ಸೋರಿಕೆ ಹೊರಗೆ, ಒಂದೊಂದೇ ಸಿಕ್ಕಿಸುತ್ತಾ ಹೋದಾಗ ಇಳಿದರೆ ಆ ಉಪಕರಣದಲ್ಲಿ. ಗಂಟೆ ಬಂದಾಗ ಬರಿಗೈಯಲ್ಲಿ ಸ್ಕ್ರೂ ಮುಟ್ಟಿದ್ದರೆ ಚೆನ್ನಾಗಿ ಹೊಡೆಯುತ್ತದೆ, ಗುಡುಗು ಇದ್ದಾಗಂತೂ ಡಬ್ಬಿ ತೆಗೆಯಲೇಬೇಡಿ.

ದೂರದ್ದೂ ಒಂದು ಲೆಕ್ಕ ಇದೆ. ತಂತಿ ಉದ್ದವಾದಷ್ಟೂ ಅದರ ತಡೆ (ಓಮ್) ಹೆಚ್ಚುತ್ತದೆ, ಬರುವ ಸದ್ದು ಸಣ್ಣಗಾಗುತ್ತದೆ. 0.5 ಮಿ.ಮೀ. ತಾಮ್ರದ ಜೋಡಿಗೆ ಹೋಗಿ ಬರುವ ಒಂದು ಕಿ.ಮೀ.ಗೆ ಸುಮಾರು 175 ಓಮ್, 0.4 ಮಿ.ಮೀ. ಆದರೆ ಸುಮಾರು 275. ನಾಲ್ಕು ಕಿ.ಮೀ.ಗೆ ಗುಣಿಸಿದರೆ ದಪ್ಪ ತಂತಿಯಲ್ಲಿ 700, ಸಣ್ಣದರಲ್ಲಿ 1100. ಇದರ ಜೊತೆಗೆ ನಮ್ಮ ಹನ್ನೊಂದು ಹಸಿರು ಜಾಯಿಂಟು.

ಈಗ ಮನೆಯೊಳಗೆ. ರೋಸೆಟ್ಟಿನಿಂದ ಮೋಡೆಮಿಗೆ ಒಂದೇ ವೈರು, ಆದಷ್ಟು ಗಿಡ್ಡದ್ದು. ಅಂಗಡಿಯಲ್ಲಿ ಸಿಗುವ ಹದಿನೈದು ಮೀಟರಿನ ಚಪ್ಪಟೆ ವೈರನ್ನು ಕರೆಂಟ್ ವೈರಿನ ಜೊತೆ ಬಾಗಿಲ ಚೌಕಟ್ಟಿಗೆ ಕಟ್ಟಬೇಡಿ. ಅದು ತಿರುಚಿದ ಜೋಡಿಯಲ್ಲ, ಗುಂಯ್ ಸದ್ದನ್ನು ಕರೆದು ಕೂರಿಸುತ್ತದೆ. ಇಲಿ ಕಡಿದ ಗುರುತು ನೋಡಿ. ಹೊರಗಿನ ಮೋಡೆಮ್ ಆದರೆ ಅದರ ದೀಪಗಳ ಮೇಲೆ ಕಣ್ಣಿಡಿ. ಕಟ್ ಆಗುವಾಗ ಬರೀ ಸಿಡಿ (ಕ್ಯಾರಿಯರ್ ಡಿಟೆಕ್ಟ್, ಆ ಕಡೆಯ ಮೋಡೆಮಿನ ಸದ್ದು ಸಿಗುತ್ತಿದೆ ಅನ್ನುವ) ದೀಪ ಆರಿದರೆ ತೊಂದರೆ ಲೈನಿನದ್ದು. ಎಲ್ಲಾ ದೀಪ ಒಟ್ಟಿಗೆ ಆರಿ ಹತ್ತಿದರೆ ವೋಲ್ಟೇಜ್ ಬಿದ್ದು ಮೋಡೆಮ್ ತಾನೇ ಆಫ್ ಆಗಿ ಆನ್ ಆಗಿದೆ, ಅಡಾಪ್ಟರನ್ನು ಯುಪಿಎಸ್ಸಿಗೆ ಹಾಕಿ ನೋಡಿ.

ಕಂಪ್ಯೂಟರ್ ಏನು ಹೇಳುತ್ತದೆ ಅನ್ನುವುದನ್ನೂ ಓದಿ, ಸುಮ್ನೆ ಓಕೆ ಒತ್ತಬೇಡಿ. ವಿಂಡೋಸ್ ತೋರಿಸುವ ಎರರ್ ನಂಬರ್ 691 ಬಂದರೆ ಖುಷಿಪಡಿ, ಲೈನ್ ಸರಿ ಇದೆ, ಪಾಸ್‌ವರ್ಡ್ ತಪ್ಪು. 676 ಅಂದರೆ ಆ ಕಡೆ ಎಂಗೇಜ್. 678 ಅಂದರೆ ಆ ಕಡೆ ಉತ್ತರ ಇಲ್ಲ, ಅಥವಾ ಎತ್ತಿದರೂ ಮೋಡೆಮುಗಳಿಗೆ ಹೊಂದಾಣಿಕೆ ಆಗಲಿಲ್ಲ. 692 ಅಂದರೆ ಮೋಡೆಮ್ಮಿನಲ್ಲೇ ಏನೋ ಕೆಟ್ಟಿದೆ, ಅಥವಾ ಕಂಪ್ಯೂಟರಿಗೆ ಅದು ಕಾಣಿಸುತ್ತಿಲ್ಲ.

ಹಳ್ಳಿಯಲ್ಲಿ ಜಾಸ್ತಿ ಕಾಡುವುದು 680, ಡಯಲ್ ಟೋನ್ ಇಲ್ಲ ಅನ್ನುವುದು. ಫೋನಿನಲ್ಲಿ ಟೋನ್ ಚೆನ್ನಾಗಿ ಕೇಳಿಸುತ್ತಿದೆ, ಮೋಡೆಮ್ ಮಾತ್ರ ಇಲ್ಲ ಅನ್ನುತ್ತಿದೆ ಅಂದರೆ ಎರಡು ಕಾರಣ. ಒಂದು, ನಮ್ಮ ದೇಶದ ಡಯಲ್ ಟೋನ್ 400 ಹರ್ಟ್ಸ್, ಅದರ ಮೇಲೆ 25 ಹರ್ಟ್ಸಿನ ಗುಡುಗುಡು. ಅಮೆರಿಕದ್ದು 350 ಮತ್ತು 440ರ ಜೋಡಿ. ಅಲ್ಲಿಗೆ ಅಂತ ಮಾಡಿದ ಮೋಡೆಮಿಗೆ ನಮ್ಮದು ಗುರುತೇ ಸಿಗದೆ ಇರಬಹುದು. ಮೋಡೆಮ್ ಪ್ರಾಪರ್ಟೀಸಿನಲ್ಲಿ ಡಯಲ್ ಟೋನಿಗೆ ಕಾಯಬೇಕು ಅನ್ನುವ ಟಿಕ್ ಗುರುತು ತೆಗೆಯಿರಿ, ಅಥವಾ ಎಕ್ಸ್‌ಟ್ರಾ ಸೆಟ್ಟಿಂಗ್ಸ್ ಅನ್ನುವ ಖಾಲಿ ಜಾಗದಲ್ಲಿ ಎಟಿಎಕ್ಸ್3 ಅಂತ ಹಾಕಿ. (ಈ ಆಜ್ಞೆಗಳನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.) ಎರಡನೆಯ ಕಾರಣ ಸಿಡಿಲು. ಎಕ್ಸ್3 ಹಾಕಿದ ಮೇಲೆ ಮೋಡೆಮ್ ಡಯಲ್ ಮಾಡಿದಂತೆ ಸದ್ದು ಮಾಡುತ್ತದೆ, ಆದರೆ ಅದೇ ಹೊತ್ತಿಗೆ ಪಕ್ಕದಲ್ಲಿ ಸಿಕ್ಕಿಸಿದ ಫೋನ್ ಎತ್ತಿದರೆ ಮಾಮೂಲಿ ಡಯಲ್ ಟೋನ್ ಬರುತ್ತಿದೆ ಅಂದರೆ ಮೋಡೆಮಿನ ಲೈನ್ ಕಡೆಯ ಭಾಗ ಸುಟ್ಟಿದೆ. ಕಂಪ್ಯೂಟರಿಗೆ ಮೋಡೆಮ್ ಕಾಣಿಸುತ್ತಲೇ ಇರುತ್ತದೆ, ಡಯಾಗ್ನೋಸ್ಟಿಕ್ಸ್ ಎಲ್ಲಾ ಪಾಸ್ ಆಗುತ್ತದೆ, ಅದಕ್ಕೇ ಜನ ಮೋಸ ಹೋಗುವುದು. ಏಪ್ರಿಲ್-ಮೇ ತಿಂಗಳ ಮೊದಲ ಗುಡುಗು ಮಳೆಗೆ ಹೋಗುವ ಮೋಡೆಮೇ ಜಾಸ್ತಿ. ಗುಡುಗು ಕೇಳಿದ ಕೂಡಲೇ ಫೋನ್ ವೈರು, ಕರೆಂಟ್ ಎರಡನ್ನೂ ಕಿತ್ತುಬಿಡಿ, ಒಂದನ್ನು ಮಾತ್ರ ಕಿತ್ತರೆ ಸಾಲದು.

ಎಕ್ಸ್‌ಚೇಂಜ್ ಹಳೆಯದಾದರೆ ಟೋನ್ ಡಯಲಿಂಗ್ ಹಿಡಿಯದೆ ಇರಬಹುದು. ಫೋನಿನ ಕೆಳಗಿರುವ ಸಣ್ಣ ಸ್ವಿಚ್ ಪಿ ಕಡೆ ಇಟ್ಟರೆ ಮಾತ್ರ ನಂಬರ್ ಹೋಗುತ್ತದೆ ಅಂದರೆ ಮೋಡೆಮಿಗೂ ಪಲ್ಸ್ ಡಯಲಿಂಗ್ ಅಂತಲೇ ಹೇಳಿ. ಅಂದ ಹಾಗೆ, ಹಳ್ಳಿಗೆ ಅಂತಲೇ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ಮಾಡಿದ, ಕೋಣೆಗೆ ಏರ್ ಕಂಡೀಷನರ್ ಬೇಡದ 128 ಪೋರ್ಟಿನ ಸಣ್ಣ ಎಕ್ಸ್‌ಚೇಂಜ್ ಮೊದಲು ಶುರುವಾಗಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಆ ತರಹದ ಪೆಟ್ಟಿಗೆ ಇಲ್ಲದಿದ್ದರೆ ನಮ್ಮಂಥ ಊರಿಗೆ ಫೋನೇ ಬರುತ್ತಿರಲಿಲ್ಲ.

ಕನೆಕ್ಟ್ ಆದ ಮೇಲೆ ತೋರಿಸುವ ವೇಗ (ಸೆಕೆಂಡಿಗೆ ಎಷ್ಟು ಬಿಟ್ ಅಂತ) ಒಂದು ಒಳ್ಳೆಯ ಸುಳಿವು. 115200 ಅಂತ ತೋರಿಸಿದರೆ ಅದನ್ನು ಮರೆತುಬಿಡಿ, ಅದು ಕಂಪ್ಯೂಟರ್ ಮತ್ತು ಮೋಡೆಮ್ ನಡುವಿನ ವೇಗ. 33600ಕ್ಕಿಂತ ಮೇಲೆ, 41333, 45333 ತರಹ ಬಂದರೆ ವಿ.90 ಅನ್ನುವ 56ಕೆ ಮೋಡೆಮಿನ ಪದ್ಧತಿ ಕೆಲಸ ಮಾಡುತ್ತಿದೆ. ಅದು ಆಗಬೇಕಾದರೆ ಆ ಕಡೆಯಿಂದ ನಿಮ್ಮ ಎಕ್ಸ್‌ಚೇಂಜ್ ತನಕ ಪೂರ್ತಿ ಡಿಜಿಟಲ್ ಇರಬೇಕು, ಕೊನೆಯ ತಾಮ್ರ ಮಾತ್ರ ಅನಲಾಗ್. 21600, 24000, 26400, 28800 ಹೀಗೆ 2400ರ ಮೆಟ್ಟಿಲಲ್ಲಿ ಬಂದರೆ ಹಳೆಯ ವಿ.34ಕ್ಕೆ ಇಳಿದಿದೆ. ಮಳೆ ಬಿಸಿಲು ಏನಿದ್ದರೂ ದಿನಾ 26400ಕ್ಕೇ ಅಂಟಿಕೊಂಡಿದ್ದರೆ ದಾರಿಯಲ್ಲಿ ಎಲ್ಲೋ ಒಂದು ಜೋಡಿ ತಂತಿಯಲ್ಲಿ ಎರಡು ಲೈನ್ ಓಡಿಸುವ ಪೆಟ್ಟಿಗೆ ಇರಬಹುದು. ದಿನಕ್ಕೊಂದು ವೇಗ ಬಂದರೆ ತಂತಿಯ ಮೇಲೆ ಅನುಮಾನ.

ಇದನ್ನು ಖಾತ್ರಿ ಮಾಡಿಕೊಳ್ಳಲು ನಾನು ಒಂದು ದಿನ ಸಿಪಿಯು, ಮಾನಿಟರ್ ಎರಡನ್ನೂ ಗೋಣಿಚೀಲದಲ್ಲಿ ಸುತ್ತಿ ಜೀಪಿನಲ್ಲಿ ಹಾಕಿಕೊಂಡು ಎಕ್ಸ್‌ಚೇಂಜ್ ಪಕ್ಕದ ಅಂಗಡಿಗೆ ಹೋದೆ. ಅದೇ ಮೋಡೆಮ್, ಅದೇ ನಂಬರ್, 44000. ಮನೆಯಲ್ಲಿ 24000. ನಡುವಿನದ್ದೆಲ್ಲ ನಾಲ್ಕು ಕಿ.ಮೀ. ತಂತಿಯ ಪಾಲು. ಅಂಗಡಿಯಲ್ಲೂ 28800 ಬಂದಿದ್ದರೆ ತೋಟದಲ್ಲಿ ಜಾಯಿಂಟ್ ಹುಡುಕುವುದಕ್ಕೆ ಅರ್ಥ ಇರುತ್ತಿರಲಿಲ್ಲ. ಲ್ಯಾಪ್‌ಟಾಪ್ ಇದ್ದವರಿಗೆ ಇಷ್ಟು ಕಷ್ಟವೂ ಇಲ್ಲ.

ತಂತಿ ಸರಿಯಾಗುವ ತನಕ ಮೋಡೆಮಿಗೆ ಕಡಿವಾಣ ಹಾಕಿ. 31200ಕ್ಕೆ ಕನೆಕ್ಟ್ ಆಗಿ ನಿಮಿಷಕ್ಕೆ ಎರಡು ಸಲ ತಡವರಿಸುವುದಕ್ಕಿಂತ 24000ಕ್ಕೆ ಒಂದು ಗಂಟೆ ನಿಂತರೆ ಮೇಲ್ ಬೇಗ ಇಳಿಯುತ್ತದೆ. ಕೋನೆಕ್ಸಂಟ್ ಚಿಪ್ ಇದ್ದರೆ ಎಟಿ+ಎಂಎಸ್=ವಿ34 ಅಂತ ಕೊಟ್ಟರೆ ವಿ.90ಕ್ಕೆ ಪ್ರಯತ್ನವೇ ಮಾಡುವುದಿಲ್ಲ. ಬೇರೆ ಕಂಪನಿಯ ಚಿಪ್ಪಿಗೆ ಆಜ್ಞೆ ಬೇರೆ, ಮೋಡೆಮ್ ಜೊತೆ ಬಂದ ಪುಸ್ತಕ ಬಿಸಾಡದೆ ಇಟ್ಟುಕೊಂಡಿದ್ದರೆ ಅದರಲ್ಲಿ ಇರುತ್ತದೆ. ಎಸ್10=50 ಅಂತ ಹಾಕಿದರೆ ಕ್ಯಾರಿಯರ್, ಅಂದರೆ ಆ ಕಡೆಯ ಮೋಡೆಮಿನ ಸದ್ದು, ಕಳೆದುಹೋದರೂ 5 ಸೆಕೆಂಡ್ ತನಕ ಲೈನ್ ಬಿಡದೆ ಕಾಯುತ್ತದೆ. ಕಾಲ್ ವೇಟಿಂಗಿನ ಬೀಪಿಗೆ ಕಟ್ ಆಗುವವರಿಗೂ ಇದು ಸ್ವಲ್ಪ ತಡೆಯುತ್ತದೆ, ಕಾಲ್ ವೇಟಿಂಗನ್ನೇ ತೆಗೆಸಿದರೆ ಇನ್ನೂ ಒಳ್ಳೆಯದು. ಲೈನ್ ಬಿಟ್ಟ ಮೇಲೆ ಹೈಪರ್‌ಟರ್ಮಿನಲ್ (ಮೋಡೆಮಿಗೆ ನೇರ ಆಜ್ಞೆ ಕೊಡಲು ಹಳೆ ವಿಂಡೋಸಿನಲ್ಲಿದ್ದ ಪ್ರೋಗ್ರಾಂ) ತೆರೆದು ಎಟಿ&ವಿ1 ಅಂತ ಕೊಟ್ಟರೆ ಇದೇ ಚಿಪ್ಪುಗಳು ಹಿಂದಿನ ಕನೆಕ್ಷನ್ನಿನ ಜಾತಕವನ್ನೇ ಕೊಡುತ್ತವೆ, ಯಾಕೆ ಕಟ್ ಆಯಿತು, ಕೊನೆಯ ವೇಗ ಎಷ್ಟು ಅಂತ. ಸರಿಯಾಗಿ ಇಪ್ಪತ್ತು ನಿಮಿಷಕ್ಕೇ ಪ್ರತಿ ಸಲ ಕಟ್ ಆಗುತ್ತಿದ್ದರೆ ಲೈನನ್ನು ಬೈಯಬೇಡಿ, ಸುಮ್ಮನಿದ್ದರೆ ಕಟ್ ಮಾಡು ಅನ್ನುವ ವಿಂಡೋಸ್ ಸೆಟ್ಟಿಂಗ್ ನೋಡಿ.

ಕೊನೆಗೆ ದೂರು. ಆಗ ದೂರಿನ ನಂಬರ್ 198ಕ್ಕೆ ಫೋನ್ ಮಾಡಿ "ಇಂಟರ್‌ನೆಟ್ ಬರ್ತಿಲ್ಲ" ಅಂದರೆ ಕಂಪ್ಯೂಟರಿನವರನ್ನು ಕೇಳಿ ಅನ್ನುತ್ತಿದ್ದರು. ನಮ್ಮಲ್ಲಿಗೆ ಬಂದ ಲೈನ್‌ಮನ್ ಮೊದಲ ಸಲ ಫೋನ್ ಎತ್ತಿ ಹಲೋ ಹಲೋ ಅಂದು, "ಕೇಳ್ತದಲ್ಲ ಭಟ್ರೇ, ಇನ್ನೆಂತ ಬೇಕು?" ಅಂತ ಚಹಾ ಕುಡಿದು ಹೋದರು. ಎರಡನೆಯ ಸಲ ನಾನು ಮೋಡೆಮಿನ ಸುದ್ದಿಯನ್ನೇ ಎತ್ತಲಿಲ್ಲ. "ಮಾತಿನ ನಡುವೆ ಕರಕರ, ಗಾಳಿ ಬಂದ್ರೆ ಜಾಸ್ತಿ, ಗಂಟೆ ಬಂದ ಮೇಲೆ ಸ್ವಲ್ಪ ಹೊತ್ತು ಸರಿಯಾಗ್ತದೆ" ಅಂತ ಹೇಳಿ, ಹಸಿರು ಜಾಯಿಂಟ್ ಎಲ್ಲೆಲ್ಲಿದೆ ಅಂತ ಗುರುತು ಮಾಡಿದ ಚೀಟಿ ಕೊಟ್ಟೆ. ಅವರು ಚೀಟಿಯನ್ನು ಎರಡು ಸಲ ಓದಿ, ಬ್ಯಾಗಿನಿಂದ ಟೆಸ್ಟ್ ಫೋನ್ ತೆಗೆದು ಮೂರನೆಯ ಕಂಬಕ್ಕೆ ಹತ್ತಿದರು. ಕೊಂಬೆ ಸರಿಸುವುದಕ್ಕೆ ಕೆಳಗಿನಿಂದ ನಾನು ದೋಟಿ ಹಿಡಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಹನ್ನೊಂದರಲ್ಲಿ ಎಂಟು ಜಾಯಿಂಟ್ ತೆಗೆದು ಹೊಸ ತಂತಿ ಎಳೆದಾಗಿತ್ತು. ಆ ರಾತ್ರಿ 38666.